ಅಪ್‌ಡೇಟ್: ಹುಡುಗನ ಕೆಂಪು ಮೂತ್ರಕ್ಕೆ ಕಾರಣ ಸಿಕ್ಕಿತು

ದಿಢೀರನೆ ಎತ್ತರ ಬೆಳೆದ 14ರ ಸಣಕಲು ಹುಡುಗನಿಗೆ ಆಗಾಗ ಕೆಂಪು ಮೂತ್ರ, ಎಡಪಕ್ಕೆ ನೋವು; ಕಲ್ಲೂ ಇಲ್ಲ, ಸೋಂಕೂ ಇಲ್ಲ, ಏನಿರಬಹುದು ಎಂದು ಕೇಳಿದ್ದೆ. ನಟ್‌ಕ್ರ್ಯಾಕರ್ ಸಿಂಡ್ರೋಮ್. ಎಡ ಮೂತ್ರಪಿಂಡದ ಅಭಿಧಮನಿ ಮಹಾಪಧಮನಿಗೂ ಕರುಳಿನ ಅಪಧಮನಿಗೂ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯಂತೆ ಒತ್ತಿಹೋಗಿದೆ. ಒತ್ತಡ ಏರಿ ಸಣ್ಣ ನಾಳಗಳು ಒಡೆದರೆ ಮೂತ್ರದಲ್ಲಿ ರಕ್ತ. ಎಡ ವೃಷಣದ ಅಭಿಧಮನಿಯೂ ಈ ಮೂತ್ರಪಿಂಡದ ಅಭಿಧಮನಿಗೇ ಸೇರುವುದರಿಂದ ವೆರಿಕೋಸೀಲ್ (ವೃಷಣದ ಸುತ್ತಲ ಅಭಿಧಮನಿಗಳು ಊದಿಕೊಳ್ಳುವುದು) ಕೂಡ ಬರಬಹುದು.

ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನನ್ನು ಮಲಗಿಸಿ ಮಾತ್ರವಲ್ಲ, ನಿಲ್ಲಿಸಿಯೂ ಮಾಡಿಸಿ. ಈ ತೊಂದರೆಯಲ್ಲಿ ನಿಂತು ಓಡಾಡುವಾಗ ಮೂತ್ರದಲ್ಲಿ ಪ್ರೋಟೀನ್ ಸೋರಬಹುದು; ಹಾಗಾಗಿ ಪ್ರೋಟೀನ್ ಪರೀಕ್ಷೆಗೆ ಮಲಗಿ ಎದ್ದ ಬೆಳಗಿನ ಮೊದಲ ಮೂತ್ರವೇ ಬೇಕು. ರಾತ್ರಿ ಮಲಗುವ ಮುಂಚೆ ಮೂತ್ರ ಮಾಡಿಸದಿದ್ದರೆ ಸಂಜೆಯದು ಬೆರೆತು ವರದಿ ದಾರಿ ತಪ್ಪಿಸುತ್ತದೆ.

ಆಪರೇಷನ್‌ಗೆ ದಯವಿಟ್ಟು ಅವಸರಪಡಬೇಡಿ! 18ರೊಳಗಿನವರಲ್ಲಿ ಸಾಮಾನ್ಯವಾಗಿ ಕನಿಷ್ಠ 2 ವರ್ಷ ಕಾದು ನೋಡುತ್ತಾರೆ. ತೂಕ ಏರಿದಂತೆ ಸುತ್ತ ಕೊಬ್ಬು ತುಂಬಿ ಆ ಎರಡು ಅಪಧಮನಿಗಳ ನಡುವಿನ ಸಂದು ಅಗಲವಾಗಿ, ಎಷ್ಟೋ ಮಕ್ಕಳಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ರಕ್ತಹೀನತೆ ಕಂಡರೆ ಅಥವಾ ನೋವು ತಡೆಯಲಾಗದಿದ್ದರೆ ಆಗ ಶಸ್ತ್ರಚಿಕಿತ್ಸೆಯ ಮಾತು.