ಮಲೆನಾಡಿನ ಮನೆಯಲ್ಲಿ ಡ್ವಾರ್ಫ್ ಹ್ಯಾಮ್‌ಸ್ಟರ್ ಸಾಕಬಹುದೇ?

ತುಂಗಾತೀರ (ತೀರ್ಥಹಳ್ಳಿ):
ಎಲ್ಲರಿಗೂ ನಮಸ್ಕಾರ. ಐದನೇ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗಳಿಗೆ ಡ್ವಾರ್ಫ್ ಹ್ಯಾಮ್‌ಸ್ಟರ್ (ಇಲಿಯನ್ನು ಹೋಲುವ ಪುಟ್ಟ ಪ್ರಾಣಿ) ಸಾಕಬೇಕೆಂಬ ಆಸೆ. ಶಿವಮೊಗ್ಗದ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಒಂಟಿಯಾದರೆ ಸೊರಗುತ್ತದೆ, ಜೋಡಿಯಾಗಿಯೇ ಒಯ್ಯಿರಿ ಎಂದರು. ನಮ್ಮದು ಹಂಚಿನ ಮನೆ. ಮಳೆಗಾಲದಲ್ಲಿ ಹಾಸಿಗೆ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಇಂಥ ಥಂಡಿಯಲ್ಲಿ ಈ ಪ್ರಾಣಿ ಬಾಳೀತೇ? ಮಕ್ಕಳು ಕೈಗೆತ್ತಿಕೊಂಡರೆ ಕಚ್ಚುತ್ತದೆಯೇ?

ಹೊಸನಗರದವಳು:
ದಯವಿಟ್ಟು ಒಂದನ್ನೇ ತನ್ನಿ. ಮರಿಯಾಗಿದ್ದಾಗ ಒತ್ತೊತ್ತಾಗಿ ಮಲಗುವ ಇವು ಬೆಳೆದ ಮೇಲೆ ಜಾಗಕ್ಕಾಗಿ ರಕ್ತ ಬರುವಂತೆ ಕಾದಾಡುವುದುಂಟು. ಗಂಡು ಹೆಣ್ಣು ಗುರುತಿಸುವಲ್ಲಿ ಅಂಗಡಿಯವರು ತಪ್ಪಿದರಂತೂ ಸುಮಾರು ಮೂರು ವಾರಗಳಲ್ಲೇ ಗೂಡಿನಲ್ಲಿ ಮರಿಗಳಾಗುತ್ತವೆ.

ಯಾವ ಜಾತಿಯದೆಂದು ಮೊದಲೇ ಕೇಳಿ ತಿಳಿಯಿರಿ, ಏಕೆಂದರೆ ಸ್ವಭಾವದಲ್ಲಿ ಬಹಳ ವ್ಯತ್ಯಾಸವಿದೆ. ರೊಬೊರೊವ್‌ಸ್ಕಿ ಎಲ್ಲಕ್ಕಿಂತ ಚಿಕ್ಕದು, ತೂಕ ಸುಮಾರು 20ರಿಂದ 25 ಗ್ರಾಂ. ಅದು ಕಚ್ಚುವುದು ಅಪರೂಪ, ಕೈಯಲ್ಲಿ ನಿಲ್ಲುವುದೂ ಅಪರೂಪ. ಕ್ಯಾಂಪ್‌ಬೆಲ್ ಮತ್ತು ವಿಂಟರ್ ವೈಟ್ ತುಸು ನಿಧಾನದವು, ಪಳಗುತ್ತವೆ. ಆದರೆ ಹಗಲು ನಿದ್ದೆಯಿಂದ ಎಬ್ಬಿಸಿದರೆ ಅಥವಾ ಮೇಲಿನಿಂದ ಕೈ ಹಾಕಿದರೆ ಹಲ್ಲು ಊರುತ್ತವೆ. ಬಯಲಿನಲ್ಲಿ ಗೂಬೆಗೆ ಹೆದರಿ ಬದುಕುವ ಪ್ರಾಣಿಗೆ ಮೇಲಿನಿಂದ ಬರುವುದೆಲ್ಲ ಶತ್ರುವೇ. ಸಂಜೆ ಅದು ತಾನಾಗಿಯೇ ಎದ್ದ ಮೇಲೆ ಅಂಗೈಯನ್ನು ಗೂಡಿನ ನೆಲಕ್ಕೆ ಒರಗಿಸಿ, ಒಂದು ಸೂರ್ಯಕಾಂತಿ ಬೀಜವಿಟ್ಟು ಸುಮ್ಮನಿರಬೇಕು. ನಮ್ಮ ಮನೆಯದು ಮೊದಮೊದಲು ಬೆರಳ ತುದಿಯನ್ನು ಮೂಸಿ, ಬೀಜವನ್ನು ಕೆನ್ನೆಯ ಚೀಲಕ್ಕೆ ತುರುಕಿಕೊಂಡು ಮೂಲೆಗೆ ಓಡುತ್ತಿತ್ತು. ಈಗ ಅಂಗೈ ಮೇಲೆಯೇ ಕುಳಿತು ಸಿಪ್ಪೆ ಸುಲಿಯುತ್ತದೆ. ಮಗಳನ್ನು ನೆಲದ ಮೇಲೆ ಕೂರಿಸಿಯೇ ಕೈಗೆ ಕೊಡಿ. ಇವಕ್ಕೆ ಎತ್ತರದ ಅಂದಾಜಿಲ್ಲ, ಬಿದ್ದರೆ ಎಲುಬು ಮುರಿಯುತ್ತದೆ. ಮುದ್ದಾಡುವುದಕ್ಕಿಂತ ನೋಡುತ್ತ ಕೂರುವುದರಲ್ಲಿ ಸಂತೋಷಪಡುವ ಮಗುವಾದರೆ ಮಾತ್ರ ತನ್ನಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಪ್ಪದ ಕಾಫಿಸೀಮೆ:
ಮಂಗೋಲಿಯಾ, ಸೈಬೀರಿಯಾ, ಉತ್ತರ ಚೀನಾದ ಒಣ ಬಯಲುಗಳು ಇವುಗಳ ಮೂಲ ನೆಲೆ. ಆದ್ದರಿಂದ ನಮ್ಮ ಚಳಿ ಇವಕ್ಕೆ ದೊಡ್ಡದಲ್ಲ, ತೇವವೇ ದೊಡ್ಡದು. ಹಾಸು ಒದ್ದೆಯಾಗಿ ಉಳಿದರೆ ಬೂಷ್ಟು ಬೆಳೆಯುತ್ತದೆ, ಮೂತ್ರದ ಘಾಟು ಸೇರಿ ಉಸಿರಾಟದ ತೊಂದರೆ ಶುರುವಾಗುತ್ತದೆ. ಮುದ್ರಣವಿಲ್ಲದ ಕಾಗದದ ಚೂರುಗಳನ್ನು ಬಿಲ ತೋಡುವಷ್ಟು ಆಳವಾಗಿ, 15 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ ಹರಡಿ. ಮಳೆಗಾಲದಲ್ಲಿ ಒದ್ದೆಯಾದ ಮೂಲೆಯನ್ನು ದಿನವೂ ತೆಗೆಯಿರಿ, ಆದರೆ ಪೂರ್ತಿ ಹಾಸನ್ನು ಒಮ್ಮೆಲೇ ಬದಲಿಸಬೇಡಿ, ತನ್ನದೇ ವಾಸನೆ ಕಳೆದುಹೋದರೆ ಅದು ಗಾಬರಿಯಾಗುತ್ತದೆ. ಸಾಮಿಲ್ಲಿನ ಹೊಟ್ಟು ಪುಕ್ಕಟೆ ಸಿಕ್ಕರೂ ಬೇಡ. ಅದರ ಧೂಳು ಇಷ್ಟು ಚಿಕ್ಕ ಶ್ವಾಸಕೋಶಕ್ಕೆ ಕೆಟ್ಟದ್ದು. ಗೂಡನ್ನು ಬಚ್ಚಲೊಲೆಯ ಹತ್ತಿರವಾಗಲಿ, ಹಂಚು ಸೋರುವ ಕಡೆಯಾಗಲಿ ಇಡಬಾರದು. 18ರಿಂದ 24 ಡಿಗ್ರಿ ಇವಕ್ಕೆ ಹಿತ. ಏಪ್ರಿಲ್‌ನ ಸೆಕೆಯಲ್ಲಿ ಮನೆಯ ಅತಿ ತಂಪಾದ ಕೋಣೆಯನ್ನೇ ಕೊಡಿ.

ಹಂಚಿನ ಮನೆಗೆ ಕೇರೆ ಹಾವು ಬರುವುದು ನಿಮಗೆ ಗೊತ್ತೇ ಇದೆ. ಸರಳುಗಳ ಗೂಡಿಗಿಂತ, ಸಣ್ಣ ಕಣ್ಣಿನ ಜಾಲರಿ ಮುಚ್ಚಳವಿರುವ ಅಗಲವಾದ ಗಾಜಿನ ತೊಟ್ಟಿಯೇ ಮೇಲು.

ಸಾಗರದ ಓದುಗ:
ಆಹಾರಕ್ಕೆ ನವಣೆ, ಸಜ್ಜೆ, ಓಟ್ಸ್ ಮಿಶ್ರಣ, ಆಗಾಗ ಬೇಯಿಸಿದ ಮೊಟ್ಟೆಯ ಚೂರು, ಸ್ವಲ್ಪ ಸೌತೆಕಾಯಿ ಸಾಕು. ಕ್ಯಾಂಪ್‌ಬೆಲ್‌ಗೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚಿರುವುದರಿಂದ ಬಾಳೆಹಣ್ಣು, ಹಲಸು, ಬೆಲ್ಲ ಕೊಡಬೇಡಿ. ಕಾಳನ್ನು ಬಿಲದಲ್ಲಿ ಕೂಡಿಡುತ್ತದೆ. ಮಳೆಗಾಲದಲ್ಲಿ ಆ ದಾಸ್ತಾನನ್ನು ನೋಡಿ ಬೂಷ್ಟು ಬಂದದ್ದನ್ನು ತೆಗೆಯಿರಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಇಷ್ಟು ಚಿಕ್ಕ ಪ್ರಾಣಿಗೆ ಚಿಕಿತ್ಸೆ ನೀಡುವವರು ಯಾರೆಂದು ತರುವ ಮೊದಲೇ ವಿಚಾರಿಸಿಕೊಳ್ಳಿ. ಇವುಗಳ ಆಯುಷ್ಯ ಸುಮಾರು ಎರಡು ವರ್ಷ ಎಂಬುದನ್ನೂ ಮಗಳಿಗೆ ಈಗಲೇ ತಿಳಿಸುವುದು ಒಳ್ಳೆಯದು.

ತುಂಗಾತೀರ:
ಎಲ್ಲರಿಗೂ ಕೃತಜ್ಞತೆಗಳು. ಒಂದೇ ಕ್ಯಾಂಪ್‌ಬೆಲ್ ತರುವುದೆಂದು, ಅದೂ ಮಳೆ ಕಳೆದ ಮೇಲೆ ಎಂದು ತೀರ್ಮಾನಿಸಿದ್ದೇವೆ. ಓಡುವ ಚಕ್ರ ಎಷ್ಟು ದೊಡ್ಡದಿರಬೇಕು?

ಹೊಸನಗರದವಳು:
ಸುಮಾರು 20 ಸೆಂಟಿಮೀಟರ್ ವ್ಯಾಸದ್ದು, ಸರಳುಗಳಿಲ್ಲದೆ ಇಡಿಯಾದ ನೆಲವಿರುವಂಥದ್ದು. ಓಡುವಾಗ ಬೆನ್ನು ಬಾಗಿದರೆ ಚಕ್ರ ಚಿಕ್ಕದಾಯಿತೆಂದು ತಿಳಿಯಿರಿ.