‘ರಿಸಾಲ್ವ್’ ಅನ್ನುವುದಕ್ಕೆ ‘ಪತ್ತೆ’ ಸರಿಹೋದೀತೇ?

ಗೆಳೆಯರೇ, ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಅದನ್ನು ಹಿಡಿದರೆ ಹಿಂದೆಯೇ ಇನ್ನೂ ನಾಲ್ಕೈದು ಪದಗಳು ಬರುತ್ತವೆ. ಪತ್ರ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಕಳೆದ ತಿಂಗಳು ಊರಿಂದ ಅಮ್ಮ ಫೋನ್ ಮಾಡಿ, “ಸೈಟ್ ಸಿಗ್ತಾ ಇಲ್ಲ ಅಂತ ಬರ್ತಿದೆ” ಎಂದರು. ಪಕ್ಕದಲ್ಲಿದ್ದ ಅಪ್ಪ, “ಯಾವ ಸೈಟು? ನಾವು ಅರ್ಜಿ ಹಾಕೇ ಇಲ್ವಲ್ಲ” ಎಂದರು. ಅಪ್ಪ ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಮನೆಯಲ್ಲಿ ಸೈಟ್ ಅಂದರೆ ಮೂವತ್ತು–ನಲವತ್ತರ ನಿವೇಶನ. ಅಮ್ಮ ಹೇಳಿದ್ದು ಬ್ರೌಸರ್‌ನಲ್ಲಿ ತೆರೆಯದ ಜಾಲತಾಣದ ಬಗ್ಗೆ. ತೆರೆಯ ಮೇಲಿದ್ದ ಇಂಗ್ಲಿಷ್ ಸಾಲನ್ನು ಓದಿ ಅಂದೆ. “ಎರರ್, ನೇಮ್, ನಾಟ್, ರಿಸಾಲ್ವ್ಡ್” ಎಂದು ಒಂದೊಂದಾಗಿ ಓದಿದರು. ಆಮೇಲೆ ಕೇಳಿದರು: “ರಿಸಾಲ್ವ್ ಅಂದ್ರೆ ಪರಿಹಾರ ಅಲ್ವಾ? ಹೆಸರಿಗೆ ಏನು ಪರಿಹಾರ?”

ಅಮ್ಮ ಮೂವತ್ತು ವರ್ಷ ಪಾಠ ಹೇಳಿದವರು. ಅವರ ಪ್ರಶ್ನೆಗೆ ಒಂದು ಸಾಲಿನ ಕನ್ನಡ ಉತ್ತರ ನನ್ನ ಬಳಿ ಇರಲಿಲ್ಲ. ಈ ಪತ್ರ ಹುಟ್ಟಿದ್ದು ಅಲ್ಲಿಂದ.

ಮೊದಲು ಅವರ ತೊಂದರೆ ಏನಾಗಿತ್ತು ಎಂದು ಹೇಳಿಬಿಡುತ್ತೇನೆ. ಪದ ಹುಡುಕಬೇಕಾದರೆ ಕೆಲಸ ಏನು ಎಂದು ಗೊತ್ತಿರಬೇಕಲ್ಲ. ಹಿಂದಿನ ದಿನ ನೋಡಿದ್ದ ಒಂದೆರಡು ತಾಣಗಳು ಅವರಿಗೆ ತೆರೆಯುತ್ತಿದ್ದವು. ಹೊಸದು ಯಾವುದೂ ತೆರೆಯುತ್ತಿರಲಿಲ್ಲ. ಅದೇ ಫೋನಿನಲ್ಲಿ ವೈಫೈ ಆರಿಸಿ ಮೊಬೈಲ್ ಡೇಟಾ ಹಾಕಿದರೆ ಎಲ್ಲವೂ ಸರಿಯಾಗಿ ತೆರೆದವು. ಅಂದರೆ ಫೋನ್ ಸರಿಯಿದೆ, ತಾಣವೂ ಸರಿಯಿದೆ. ಮನೆಯ ನೆಟ್ ಕೊಡುವವರ ಕಡೆ ಹೆಸರು ಕೇಳಿ ವಿಳಾಸ ಹೇಳುವ ಯಂತ್ರ ಉತ್ತರ ಕೊಡುತ್ತಿರಲಿಲ್ಲ. ರೂಟರ್ ಆರಿಸಿ ಮತ್ತೆ ಹಾಕಿಸಿದೆ, ಪ್ರಯೋಜನವಾಗಲಿಲ್ಲ. ಹೀಗೆ ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆಗೆ ಡಿಎನ್‌ಎಸ್ ಅನ್ನುತ್ತಾರೆ. ಕೊನೆಗೆ ರೂಟರ್‌ನ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಎಂದಿದ್ದ ಕಡೆ 8.8.8.8 ಎಂದು ಬರೆಸಿದೆ. ಎರಡು ನಿಮಿಷದಲ್ಲಿ ಎಲ್ಲ ತೆರೆಯಿತು. ಅದು ಗೂಗಲ್ 2009ರಲ್ಲಿ ಎಲ್ಲರಿಗೂ ತೆರೆದಿಟ್ಟ ಡಿಎನ್‌ಎಸ್. ಕ್ಲೌಡ್‌ಫ್ಲೇರ್ ಎಂಬ ಕಂಪನಿಯವರ 1.1.1.1 ಬಂದದ್ದು 2018ರಲ್ಲಿ. ಯಾವುದನ್ನು ಹಾಕಿದರೂ ಆಗುತ್ತಿತ್ತು.

ನಾವು ಬ್ರೌಸರ್‌ನಲ್ಲಿ ಬರೆಯುವುದು ಹೆಸರು. ಯಂತ್ರಕ್ಕೆ ಬೇಕಾದದ್ದು ಅಂಕಿಗಳ ವಿಳಾಸ. ಹೆಸರು ಕೊಟ್ಟು ವಿಳಾಸ ಪಡೆಯುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ರಿಸಾಲ್ವ್’ ಅನ್ನುತ್ತಾರೆ, ‘ಲುಕಪ್’ ಅಂತಲೂ ಅನ್ನುತ್ತಾರೆ. ಇವಕ್ಕೆ ಕನ್ನಡ ಏನು ಎಂಬುದು ನನ್ನ ಪ್ರಶ್ನೆ.

‘ಪರಿಹರಿಸು’ ಅಂತೂ ಬೇಡ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ‘ಹೆಸರನ್ನು ಪರಿಹರಿಸಲಾಗಲಿಲ್ಲ’ ಎಂಬ ಅನುವಾದವನ್ನು ನಾನು ಕಂಡಿದ್ದೇನೆ. ಕನ್ನಡದಲ್ಲಿ ಪರಿಹಾರ ಅಂದರೆ ಬೆಳೆ ಪರಿಹಾರ, ದೋಷ ಪರಿಹಾರ, ಸಮಸ್ಯೆಗೆ ಪರಿಹಾರ. ಇನ್ನು ‘ಹೆಸರಿಗೆ ಪರಿಹಾರ’ ಅಂದರೆ ಹೆಸರಿಗೆ ಒಂದು ಅಕ್ಷರ ಸೇರಿಸಿಕೊಳ್ಳಿ ಎಂದು ಸಲಹೆ ಕೊಡುವವರ ನೆನಪು ಬರುತ್ತದೆ. ಓದಿದವರಿಗೆ ಏನೂ ತಿಳಿಯುವುದಿಲ್ಲ.

‘ಲುಕಪ್’ ಎಲ್ಲಿಂದ ಬಂತು ಎಂದು ನೋಡಿದರೆ ದಾರಿ ಸ್ವಲ್ಪ ತಿಳಿಯಾಗುತ್ತದೆ. ಮೊದಮೊದಲು ಈ ಹೆಸರುಗಳೆಲ್ಲ ಒಂದೇ ಒಂದು ಪಟ್ಟಿಯಲ್ಲಿದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಆ ಪಟ್ಟಿಯನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಸೇರಿದರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಗೆ ಸೇರಿಸುತ್ತಾರೆ, ಉಳಿದವರು ಆ ಕಡತವನ್ನು ಇಳಿಸಿಕೊಳ್ಳುತ್ತಾರೆ. ಯಂತ್ರಗಳು ಜಾಸ್ತಿಯಾದಂತೆ ಇದು ಸಾಗದಾಯಿತು. 1983ರಲ್ಲಿ ಪಾಲ್ ಮಾಕಪೆಟ್ರಿಸ್ ಈಗಿನ ಡಿಎನ್‌ಎಸ್ ಅನ್ನು ರೂಪಿಸಿದರು. ಪಟ್ಟಿ ಒಂದೇ ಕಡೆ ಇರುವ ಬದಲು ಹಂಚಿಹೋಯಿತು. ಆದರೆ ಮಾತು ಮಾತ್ರ ಪಟ್ಟಿ ನೋಡುವ ಕಾಲದ್ದೇ ಉಳಿಯಿತು.

ಪಟ್ಟಿ ನೋಡುವುದಕ್ಕೆ ನಮ್ಮಲ್ಲಿ ಮಾತು ಇಲ್ಲವೇ? ಇದೆ. ‘ಪಂಚಾಂಗ ನೋಡಿ ಹೇಳಿ’ ಅನ್ನುತ್ತೇವೆ. ‘ನಿಘಂಟು ನೋಡು’ ಅನ್ನುತ್ತೇವೆ. ‘ಡೈರೆಕ್ಟರಿ ನೋಡಿ ನಂಬರ್ ಹೇಳು’ ಎಂದು ಒಂದು ಕಾಲದಲ್ಲಿ ಎಲ್ಲರೂ ಅನ್ನುತ್ತಿದ್ದೆವು. ಯಾರೂ ‘ಪಂಚಾಂಗದಲ್ಲಿ ಹುಡುಕು’ ಅನ್ನುವುದಿಲ್ಲ. ಹುಡುಕುವುದು ಎಲ್ಲಿದೆ ಎಂದು ಗೊತ್ತಿಲ್ಲದ್ದನ್ನು. ನೋಡುವುದು ಒಂದು ಗೊತ್ತಾದ ಜಾಗದಲ್ಲಿ. ಅದೂ ಅಲ್ಲದೆ ‘ಹುಡುಕು’ ಅನ್ನುವುದು ಈಗ ಗೂಗಲ್ ಮಾಡುವ ಕೆಲಸಕ್ಕೆ ಅಂಟಿಕೊಂಡುಬಿಟ್ಟಿದೆ. ಹಾಗಾಗಿ ಲುಕಪ್‌ಗೆ ‘ನೋಡಿ ಹೇಳುವುದು’, ರಿಸಾಲ್ವರ್ ಎಂಬ ಯಂತ್ರಕ್ಕೆ ‘ನೋಡಿ ಹೇಳುವ ಸರ್ವರ್’ ಎಂದು ಬರೆದು ನೋಡಿದೆ. ವಿವರಿಸುವಾಗ ಚೆನ್ನಾಗಿದೆ. ಆದರೆ ದೋಷದ ಸಂದೇಶಕ್ಕೆ ಉದ್ದವಾಯಿತು. ಒಂದೇ ಪದ ಬೇಕಿತ್ತು.

ಆಗ ಹೊಳೆದದ್ದು ‘ಪತ್ತೆ’.

ಪತ್ತೆ ಹಚ್ಚು, ಪತ್ತೆ ಮಾಡು, ಪತ್ತೆಯಾಯಿತು, ಪತ್ತೇದಾರ. ‘ಮೂರು ದಿನದಿಂದ ಮನುಷ್ಯನ ಪತ್ತೆಯೇ ಇಲ್ಲ.’ ಎಲ್ಲ ಕಡೆ ಓಡುವ ಮಾತು. ಇದರ ಇನ್ನೊಂದು ಗುಣ ನನಗೆ ತುಂಬ ಹಿಡಿಸಿತು. ಬೆಳಗಾವಿ ಕಡೆಯ ಗೆಳೆಯರೊಬ್ಬರು ವಿಳಾಸಕ್ಕೇ ‘ಪತ್ತಾ’ ಅನ್ನುತ್ತಾರೆ. ಮರಾಠಿಯಲ್ಲಿ ಪತ್ತಾ, ಹಿಂದಿಯಲ್ಲಿ ಪತಾ ಅಂದರೆ ವಿಳಾಸ. ಅಂದರೆ ಈ ಒಂದು ಪದದೊಳಗೆ ವಿಳಾಸವೂ ಇದೆ, ಅದನ್ನು ಕಂಡುಹಿಡಿಯುವ ಕೆಲಸವೂ ಇದೆ. ಹೆಸರಿನಿಂದ ವಿಳಾಸ ತಿಳಿಯುವುದಕ್ಕೆ ಇದಕ್ಕಿಂತ ಹತ್ತಿರದ ಮಾತು ನನಗೆ ಸಿಗಲಿಲ್ಲ. ‘ಹೆಸರು ಪತ್ತೆಯಾಗಲಿಲ್ಲ’ ಎಂದು ಅಮ್ಮನಿಗೆ ಹೇಳಿದೆ. “ಹೀಗಂದಿದ್ರೆ ನಾನು ಫೋನೇ ಮಾಡ್ತಿರಲಿಲ್ಲ, ಸ್ಪೆಲಿಂಗ್ ಸರಿಯಿದೆಯಾ ಅಂತ ಮೊದಲು ನೋಡ್ಕೊಳ್ತಿದ್ದೆ” ಎಂದರು.

ಒಂದು ಅಡ್ಡಿ ಇದೆ. ‘ವೈರಸ್ ಪತ್ತೆಯಾಗಿದೆ’ ಎಂದು ಫೋನುಗಳಲ್ಲಿ ಬರುತ್ತದೆ. ಅಲ್ಲಿ ಪತ್ತೆ ಅಂದರೆ ಇದೆ ಎಂದು ಗೊತ್ತಾಯಿತು ಎಂದರ್ಥ. ಎರಡೂ ಒಂದೇ ತೆರೆಯಲ್ಲಿ ಬಂದರೆ ಗೊಂದಲ ಆದೀತೇ? ‘ವಿಳಾಸ ಪತ್ತೆ’ ಎಂದು ಜೋಡಿಸಿ ಬರೆದರೆ ಆಗಲಿಕ್ಕಿಲ್ಲ ಎಂದು ನನ್ನ ಎಣಿಕೆ. ನಿಮಗೆ ಹೇಗನಿಸುತ್ತದೆ?

ಇದರ ಜೊತೆಗೆ ‘ನಾಪತ್ತೆ’ಯೂ ಬರುತ್ತದೆ. ಇದನ್ನು ಎಚ್ಚರದಿಂದ ಬಳಸಬೇಕು. ನಾಪತ್ತೆಯಾಗಬೇಕಾದರೆ ಮೊದಲು ಇರಬೇಕು. ಕ್ರೋಮ್ ತೋರಿಸುವ ‘ಡಿಎನ್‌ಎಸ್ ಪ್ರೋಬ್ ಫಿನಿಶ್ಡ್ ಎನ್‌ಎಕ್ಸ್ ಡೊಮೇನ್’ ಎಂಬ ದೋಷಕ್ಕೆ ಅದು ಹೊಂದುವುದಿಲ್ಲ. ಎನ್‌ಎಕ್ಸ್ ಅಂದರೆ ಆ ಹೆಸರೇ ಇಲ್ಲ ಎಂಬ ಖಚಿತ ಉತ್ತರ. ಟೀ ಅಂಗಡಿಯಲ್ಲಿ ಒಂದು ಮನೆ ಕೇಳಿದಿರಿ ಅಂದುಕೊಳ್ಳಿ. ‘ಆ ಹೆಸರಿನ ಮನೆ ಈ ಊರಲ್ಲೇ ಇಲ್ಲ’ ಎಂದರೆ ಅದು ಎನ್‌ಎಕ್ಸ್ ಡೊಮೇನ್. ಬರೆದದ್ದು ತಪ್ಪಾಗಿರಬಹುದು, ಇಲ್ಲವೇ ಆ ಹೆಸರನ್ನು ಯಾರೂ ನೋಂದಾಯಿಸಿಲ್ಲ. ‘ಈಗ ಹೇಳಕ್ಕಾಗಲ್ಲ, ಕೇಳಿದ ಕಡೆ ಯಾರೂ ಮಾತಾಡ್ತಿಲ್ಲ’ ಎಂದರೆ ಅದು ಇನ್ನೊಂದು ದೋಷ, ಸರ್ವ್‌ಫೇಲ್. ಅಂಗಡಿಯಲ್ಲಿ ಯಾರೂ ಇಲ್ಲದೆ ನಾವು ಕಾದು ಬಂದರೆ ಅದು ಟೈಮ್‌ಔಟ್. ಅಮ್ಮನಿಗೆ ಆಗಿದ್ದು ಈ ಮೂರನೆಯದು. ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಮೊದಲನೆಯದಕ್ಕೆ ಕಾಗುಣಿತ ನೋಡಬೇಕು. ಎರಡನೆಯದಕ್ಕೆ ಸಾಮಾನ್ಯವಾಗಿ ಕಾಯಬೇಕು. ಮೂರನೆಯದಕ್ಕೆ ಬೇರೆ ಅಂಗಡಿಗೆ ಹೋಗಿ ಕೇಳಬೇಕು, ಅಂದರೆ ಡಿಎನ್‌ಎಸ್ ಬದಲಿಸಬೇಕು.

ನಿಜವಾದ ‘ನಾಪತ್ತೆ’ ಯಾವುದೆಂದರೆ 2021ರ ಅಕ್ಟೋಬರ್ 4ರ ಘಟನೆ. ನಮ್ಮಲ್ಲಿ ರಾತ್ರಿ 9 ದಾಟಿದ ಮೇಲೆ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಒಟ್ಟಿಗೆ ನಿಂತವು. ಸುಮಾರು ಆರು ಗಂಟೆ ಹಾಗೇ ಇದ್ದವು. ಅವರ ತಾಣಗಳ ವಿಳಾಸ ಹೇಳುವ ಸರ್ವರ್‌ಗಳಿಗೆ ಹೋಗುವ ದಾರಿಯೇ ಇಂಟರ್ನೆಟ್ಟಿನಿಂದ ಅಳಿಸಿಹೋಗಿತ್ತು. ಕೇಳಿದವರಿಗೆ ‘ಆ ಹೆಸರು ಇಲ್ಲ’ ಎಂಬ ಉತ್ತರ ಬರಲಿಲ್ಲ, ‘ಹೇಳಲು ಆಗುತ್ತಿಲ್ಲ’ ಎಂಬ ಉತ್ತರ ಬಂತು. ನಾವೆಲ್ಲ ಅಂದದ್ದು ‘ಸರ್ವರ್ ಡೌನ್’ ಎಂದು.

ಈ ‘ಸರ್ವರ್’ ಕನ್ನಡದಲ್ಲಿ ಎಷ್ಟು ಬೇರು ಬಿಟ್ಟಿದೆ ನೋಡಿ. ‘ಸರ್ವರ್ ಇಲ್ಲ, ನಾಳೆ ಬನ್ನಿ.’ ‘ಸರ್ವರ್ ಬಿಜಿ.’ ‘ಬೆಳಗ್ಗೆಯಿಂದ ಸರ್ವರ್ ಪ್ರಾಬ್ಲಂ.’ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತ ಯಾರಿಗೂ ಈ ಮಾತು ಹೊಸದಲ್ಲ. ನೆಟ್ ಹೋದರೂ ಸರ್ವರ್, ಹೆಸರು ಪತ್ತೆಯಾಗದಿದ್ದರೂ ಸರ್ವರ್, ನಿಜಕ್ಕೂ ಸರ್ವರ್ ಕೆಟ್ಟರೂ ಸರ್ವರ್. ಈ ಪದವನ್ನು ತೆಗೆಯಬೇಕು ಎಂದು ನಾನು ಹೇಳುತ್ತಿಲ್ಲ. ಅದು ನಮ್ಮದೇ ಆಗಿದೆ. ಆದರೆ ಮೂರು ಬೇರೆ ತೊಂದರೆಗಳಿಗೆ ಒಂದೇ ಹೆಸರು ಇದ್ದರೆ ಯಾವುದನ್ನು ಸರಿಮಾಡಬೇಕು ಎಂದು ತಿಳಿಯುವುದಾದರೂ ಹೇಗೆ? ಸಾಲಿನಲ್ಲಿ ನಿಂತವರಿಗೆ ಕಾಯಬೇಕೋ, ಮನೆಗೆ ಹೋಗಬೇಕೋ ಎಂದೂ ಗೊತ್ತಾಗುವುದಿಲ್ಲ. ಇದು ನನ್ನನ್ನು ನಿಜವಾಗಿ ಕಾಡುತ್ತದೆ.

ಈಗ ಕ್ರಿಯಾಪದದ ಪ್ರಶ್ನೆ. ಸಿಗಲಿಲ್ಲ, ಸಿಕ್ಕಿಲ್ಲ, ಸಿಗುತ್ತಿಲ್ಲ, ಸಿಗುವುದಿಲ್ಲ. ಇಂಗ್ಲಿಷಿನ ‘ನಾಟ್ ಫೌಂಡ್’ ಎರಡೇ ಪದದಲ್ಲಿ ಮುಗಿಯುತ್ತದೆ, ಕಾಲವೇ ಇಲ್ಲ. ನಾವು ಕಾಲ ಹೇಳದೆ ವಾಕ್ಯ ಮುಗಿಸುವುದು ಕಷ್ಟ. ‘ಸಿಗಲಿಲ್ಲ’ ಅಂದರೆ ನೋಡಿದೆ, ಇರಲಿಲ್ಲ, ಅಲ್ಲಿಗೆ ಮುಗಿಯಿತು. ‘ಸಿಕ್ಕಿಲ್ಲ’ ಅಂದರೆ ಇನ್ನೂ ಸಿಗಬಹುದು ಎಂಬ ಎಳೆ ಉಳಿಯುತ್ತದೆ. ‘ಸಿಗುತ್ತಿಲ್ಲ’ ಅಂದರೆ ಯಂತ್ರ ಈಗಲೂ ನೋಡುತ್ತಿದೆ ಅನಿಸುತ್ತದೆ, ಜನ ಸುಮ್ನೆ ಕಾಯುತ್ತಾ ಕೂರುತ್ತಾರೆ. ಅನುವಾದಗಳಲ್ಲಿ ಕಾಣುವ ‘ಕಂಡುಬಂದಿಲ್ಲ’ ನನಗೆ ಒಗ್ಗುವುದಿಲ್ಲ. ಅದು ವರದಿಯ ಭಾಷೆ. ನನ್ನ ಮನಸ್ಸು ಎನ್‌ಎಕ್ಸ್ ಡೊಮೇನ್‌ಗೆ ‘ಈ ಹೆಸರಿನ ತಾಣ ಇಲ್ಲ’, ಉಳಿದವಕ್ಕೆ ‘ವಿಳಾಸ ಪತ್ತೆಯಾಗಲಿಲ್ಲ’ ಎನ್ನುವ ಕಡೆಗಿದೆ. ವಿಳಾಸ ಸಿಕ್ಕಿಯೂ ಆ ಕಡೆಯವರು ಬಾಗಿಲು ತೆಗೆಯದಿದ್ದರೆ, ಅದಕ್ಕೆ ಮಾತ್ರ ‘ಸರ್ವರ್ ಉತ್ತರಿಸಲಿಲ್ಲ’.

‘ಡೊಮೇನ್’ ಹಾಗೇ ಇರಲಿ. ‘ಕ್ಷೇತ್ರ’ ಅಂದರೆ ಧರ್ಮಸ್ಥಳವೋ ವಿಧಾನಸಭೆಯೋ ಎಂದು ಕೇಳುತ್ತಾರೆ.

‘ಕ್ಯಾಶ್’ ಮಾತ್ರ ದೊಡ್ಡ ತಲೆನೋವು. ಒಮ್ಮೆ ಪತ್ತೆಯಾದ ವಿಳಾಸವನ್ನು ಯಂತ್ರ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತದೆ, ಅದೇ ಕ್ಯಾಶ್. ಅಮ್ಮನಿಗೆ ಹಳೆಯ ತಾಣಗಳು ತೆರೆದದ್ದು ಅದರಿಂದಲೇ. ತಾಣದವರು ವಿಳಾಸ ಬದಲಿಸಿದ್ದರೆ ಈ ನೆನಪೇ ತೊಂದರೆಯಾಗುತ್ತದೆ, ಯಂತ್ರ ಹಳೇ ಮನೆಗೇ ಹೋಗಿ ಬಾಗಿಲು ತಟ್ಟುತ್ತದೆ. ಆಗ ವಿಂಡೋಸ್‌ನ ಕಪ್ಪು ಕಿಟಕಿಯಲ್ಲಿ (ಕಮಾಂಡ್ ಪ್ರಾಂಪ್ಟ್) ‘ಐಪಿಕಾನ್ಫಿಗ್’ ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ‘ಫ್ಲಷ್‌ಡಿಎನ್‌ಎಸ್’ ಎಂದು ಕೊಡಬೇಕು. ಇದನ್ನು ‘ಕ್ಯಾಶ್ ಕ್ಲಿಯರ್ ಮಾಡಿ’ ಎಂದು ಬರೆದರೆ ಹಣದ ಕ್ಯಾಶ್ ಎಂದೇ ಓದುತ್ತಾರೆ. ನಮ್ಮ ಚಿಕ್ಕಪ್ಪ ಹಾಗೇ ಓದಿ, ದುಡ್ಡು ಹೋದೀತೆಂದು ಹೆದರಿ ಫೋನ್ ಕೆಳಗಿಟ್ಟರು. ‘ಕ್ಯಾಶೆ’ ಎಂದು ಬರೆದರೂ ಭಯ ಹೋಗಲಿಲ್ಲ. ‘ನೆನಪಿಟ್ಟ ವಿಳಾಸಗಳನ್ನು ಅಳಿಸಿ’ ಎಂದಾಗ ಧೈರ್ಯವಾಗಿ ಒತ್ತಿದರು. ಎಷ್ಟು ಹೊತ್ತು ನೆನಪಿಡಬೇಕು ಎಂಬುದನ್ನು ತಾಣದವರೇ ಸೆಕೆಂಡಿನಲ್ಲಿ ಬರೆದಿರುತ್ತಾರೆ. 3600 ಅಂದರೆ ಒಂದು ಗಂಟೆ, 86400 ಅಂದರೆ ಒಂದು ದಿನ. ಇಂಗ್ಲಿಷಿನಲ್ಲಿ ಟಿಟಿಎಲ್. ಇದಕ್ಕೆ ‘ವಾಯಿದೆ’ ಹೊಂದುತ್ತದೆ. ಸಾಲದ ವಾಯಿದೆ ಮುಗಿದಂತೆ ನೆನಪಿನ ವಾಯಿದೆಯೂ ಮುಗಿಯುತ್ತದೆ, ಮತ್ತೆ ಹೊಸದಾಗಿ ಕೇಳಬೇಕು. ‘ಆಯಸ್ಸು’ ಎಂದೂ ಯೋಚಿಸಿದ್ದೆ. ವಾಯಿದೆಯೇ ಸರಳ ಅನಿಸಿತು.

ಕನ್ನಡದಲ್ಲೇ ಬರೆದ ವಿಳಾಸಗಳದ್ದು ಇನ್ನೊಂದು ಕಥೆ. ‘ಡಾಟ್ ಭಾರತ’ ಎಂಬ ಕೊನೆ ಈಗ ಕನ್ನಡ ಲಿಪಿಯಲ್ಲೂ ಇದೆ. ಒಳಗೆ ಅದು ಪ್ಯೂನಿಕೋಡ್ ಎಂಬ ರೋಮನ್ ರೂಪಕ್ಕೆ ತಿರುಗುತ್ತದೆ, ಆಮೇಲೆ ಡಿಎನ್‌ಎಸ್‌ಗೆ ಹೋಗುತ್ತದೆ. ಇಲ್ಲಿ ನಮಗೇ ವಿಶೇಷವಾದ ಒಂದು ತಪ್ಪು ಆಗುತ್ತದೆ. ಅನುಸ್ವಾರದ ಬದಲು ಕನ್ನಡ ಸೊನ್ನೆಯನ್ನು ಒತ್ತುವ ರೂಢಿ ಅನೇಕರಿಗಿದೆ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಕಣ್ಣಿಗೆ ಒಂದೇ. ಯಂತ್ರಕ್ಕೆ ಅವು ಎರಡು ಬೇರೆ ಹೆಸರು. ಎರಡನೆಯದರಲ್ಲಿ ಇರುವುದು ಸೊನ್ನೆ. ‘ಕಾಗುಣಿತ ಸರಿನೋಡಿ’ ಎಂದರೆ ಇದು ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ಕಾಗುಣಿತ ಸರಿಯಾಗಿಯೇ ಕಾಣುತ್ತದೆ. ‘ಅಳಿಸಿ ಹೊಸದಾಗಿ ಬರೆಯಿರಿ’ ಎಂದು ಹೇಳಿದರೂ ಬೆರಳು ಅದೇ ಕೀಲಿಗೆ ಹೋಗುತ್ತದೆ. ‘ಅನುಸ್ವಾರದ ಜಾಗದಲ್ಲಿ ಸೊನ್ನೆ ಬಿದ್ದಿದೆಯೇ ನೋಡಿ’ ಎಂದೇ ಬಿಡಿಸಿ ಬರೆಯಬೇಕು ಅನಿಸುತ್ತದೆ.

ಇದನ್ನೆಲ್ಲ ಕೇಳುತ್ತಿರುವುದಕ್ಕೆ ಕಾರಣ, ನಮ್ಮೂರಿನ ಗ್ರಂಥಾಲಯದ ಎರಡು ಕಂಪ್ಯೂಟರುಗಳ ಪಕ್ಕದಲ್ಲಿ ಅಂಟಿಸಲು ಅಮ್ಮ ಒಂದು ಹಾಳೆ ಬರೆಯುತ್ತಿದ್ದಾರೆ. ತಲೆಬರಹ ‘ವಿಳಾಸ ಪತ್ತೆಯಾಗದಿದ್ದರೆ’ ಎಂದಿದೆ. ಉತ್ತರ ಕರ್ನಾಟಕದವರು ಒಂದು ಮಾತು ಹೇಳಿ: ನಿಮ್ಮ ಕಡೆ ಪತ್ತಾ ಅಂದರೆ ವಿಳಾಸ ಎಂದೇ ಆದರೆ, ‘ವಿಳಾಸ ಪತ್ತೆ’ ಅನ್ನುವುದು ಒಂದನ್ನೇ ಎರಡು ಸಲ ಹೇಳಿದಂತೆ ಕೇಳುತ್ತದೆಯೇ? ಹಾಗೆ ಕೇಳಿದರೆ ‘ತಾಣ ಪತ್ತೆಯಾಗದಿದ್ದರೆ’ ಎಂದು ತಿದ್ದುತ್ತೇವೆ. ಭಾನುವಾರ ಹಾಳೆ ಅಂಟಿಸುವುದಿದೆ, ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.