ಸಹಾಯ ಬೇಕು: ಕೇದಗೆ ಮುಂದಲೆಯ ಫೋಟೋದಿಂದ ಐಕಾನ್

ಉಡುಪಿಯ ನಮ್ಮ ಮಕ್ಕಳ ಯಕ್ಷಗಾನ ತರಗತಿಯ ಜಾಲತಾಣಕ್ಕೆ ವೇಷಗಳ ಫೋಟೋಗಳಿಂದ ಪುಟ್ಟ ಐಕಾನ್‌ಗಳನ್ನು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮಾಡುತ್ತಿದ್ದೇನೆ. ಅಭಿಮನ್ಯುವಿನ ತಲೆಯುಡುಗೆಯಾದ ಕೇದಗೆ ಮುಂದಲೆಯಲ್ಲಿ ಸಿಕ್ಕಿಬಿದ್ದಿದ್ದೇನೆ. ಮುಂದಲೆಯ ಬಟ್ಟೆ ಕಪ್ಪು, ಹಿಂದಿನ ಪರದೆಯೂ ಕಪ್ಪು. ಬಣ್ಣ ನೋಡಿ ಆಯ್ದುಕೊಳ್ಳುವ ಸಾಧನ ಎರಡನ್ನೂ ಒಟ್ಟಿಗೆ ನುಂಗಿಬಿಡುತ್ತದೆ. ಕೊನೆಗೆ ಪಾಥ್ ಸಾಧನದಿಂದ ಅಂಚನ್ನು ಕೈಯಾರೆ ಬಿಡಿಸಿ, ಹಿನ್ನೆಲೆ ಪಾರದರ್ಶಕವಾಗಲು ಆಲ್ಫಾ ಚಾನೆಲ್ ಸೇರಿಸಿ, ಪಿಎನ್‌ಜಿಯಾಗಿ ಉಳಿಸಿದೆ (ಜೆಪೆಗ್‌ನಲ್ಲಿ ಪಾರದರ್ಶಕತೆ ನಿಲ್ಲುವುದಿಲ್ಲ).

512 ಪಿಕ್ಸೆಲ್‌ನಲ್ಲಿ ಕಣ್ಣಿಗೆ ಹಬ್ಬ. 48ಕ್ಕೆ ಇಳಿಸಿದರೆ ಜರಿಯ ಗೆರೆಗಳೆಲ್ಲ ಕಲಸಿ ಹಳದಿ ಕಲೆಯಾಗುತ್ತವೆ, ಮುಂದಲೆ ಯಾವುದೋ ಎಲೆಯಂತೆ ಕಾಣುತ್ತದೆ. ಮಕ್ಕಳು ಅಷ್ಟು ಪ್ರೀತಿಯಿಂದ ಕಟ್ಟಿಕೊಳ್ಳುವ ಮುಂದಲೆ ಗುರುತೇ ಸಿಗದಿದ್ದರೆ ನನಗೆ ಸಮಾಧಾನವಿಲ್ಲ.

ಸಣ್ಣ ಗಾತ್ರಕ್ಕೆ ಮೂರು ನಾಲ್ಕೇ ಗೆರೆಗಳಿಟ್ಟು ಬೇರೆಯಾಗಿ ಬರೆಯಬೇಕೇ? ಅಥವಾ ಕುಗ್ಗಿಸಿದ ಮೇಲೆ ಹರಿತಗೊಳಿಸಿದರೆ ಸಾಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.